ಹಾಲೂಡುವ ಜಿಂಕೆಯ ಮೈ

ಇನಾಯತ್ ಉಲ್ಲಾ ಸಾಹೇಬರ ಕಾರ್ಖಾನೆಯಲ್ಲಿ ಪಿಳ್ಳಪ್ಪ ಹದಿನಾಲ್ಕು ವರ್ಷ ಕೆಲಸ ಮಾಡಿದ್ದ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಶಿವಾಜಿನಗರವನ್ನು ಜನ ಇನ್ನೂ ಬ್ಲಾಕ್‌ಪಳ್ಳಿ ಎನ್ನುತ್ತಿದ್ದ ಕಾಲ. ಅಲ್ಲಿನ ಒಂದು ಓಣಿಯಲ್ಲಿ ಕೆಳಗೆ ಉದ್ದನೆಯ ಕೋಣೆ, ಮೇಲೆ ಸಾಹೇಬರ ಮನೆ. ದಂಡಿನ ಅಧಿಕಾರಿಗಳು ಬೇಟೆಯಾಡಿ ತಂದ ಪ್ರಾಣಿಗಳ ಚರ್ಮ ಹದಮಾಡಿ, ಒಣಹುಲ್ಲು ಸುತ್ತಿ ಕಟ್ಟಿದ ಮೈಗೆ ಅದನ್ನು ತೊಡಿಸಿ, ಗಾಜಿನ ಕಣ್ಣಿಟ್ಟು, ಬದುಕಿರುವ ಹಾಗೆ ನಿಲ್ಲಿಸಿಕೊಡುವುದು ಅಲ್ಲಿಯ ಕೆಲಸ.

ಪಿಳ್ಳಪ್ಪ ಮರ್ಫಿ ಟೌನಿನವನು. ಬೆಳಿಗ್ಗೆ ಹಲಸೂರು ಕೆರೆಯ ಏರಿ ಬಳಸಿ ನಡೆದು ಬರುತ್ತಿದ್ದ. ಅಧಿಕಾರಿಗಳ ಮೆಸ್ಸಿಗೆ ಜಿಂಕೆ ಬಂತೆಂದರೆ ಅವನಿಗೆ ಕರೆ ಬರುತ್ತಿತ್ತು. ಮಾಂಸ ಮೆಸ್ಸಿಗೆ, ಚರ್ಮ, ತಲೆ, ಕೊಬ್ಬು ಕಾರ್ಖಾನೆಗೆ. ಚರ್ಮ ಮೆದುವಾಗಲು ಅದೇ ಪ್ರಾಣಿಯ ಕೊಬ್ಬನ್ನು ಕಾಯಿಸಿ ಒರೆಸಬೇಕೆಂದು ಸಾಹೇಬರ ತಂದೆಯ ಕಾಲದಿಂದಲೂ ಪದ್ಧತಿ. ಆದ್ದರಿಂದ ಯಾವ ಕಾಡಿನ ಜಿಂಕೆಗೆ ಯಾವ ತಿಂಗಳಲ್ಲಿ ಎಷ್ಟು ಕೊಬ್ಬಿರುತ್ತದೆ ಎಂಬುದು ಪಿಳ್ಳಪ್ಪನ ಕೈಗೇ ಗೊತ್ತಾಗಿಹೋಗಿತ್ತು. ಮೈಸೂರು ಕಡೆಯ ಹುಲ್ಲುಗಾವಲಿನ ಜಿಂಕೆ ಕಾರ್ತಿಕದಲ್ಲಿ ಬಂದರೆ ಬೆನ್ನ ಮೇಲೆ ಬೆರಳು ದಪ್ಪದ ಬಿಳಿ ಪದರ, ಗುರ್ದೆಗಳು, ಅಂದರೆ ಮೂತ್ರಪಿಂಡಗಳು, ಕಾಣದ ಹಾಗೆ ನೆಣ ಮುಚ್ಚಿರುತ್ತಿತ್ತು. ಆನೇಕಲ್ಲಿನ ಆಚೆಯ ಕಲ್ಲು ಕುರುಚಲು ಕಾಡಿನದು, ಅದೇ ಜಾತಿ, ಅದೇ ವಯಸ್ಸು, ಒಂದು ಗೇಣು ಚಿಕ್ಕದು.

ಸಾವಿರದ ಒಂಬೈನೂರ ನಲವತ್ತನಾಲ್ಕರ ಬೇಸಗೆಯಲ್ಲಿ ದಂಡಿನ ಪಶುವೈದ್ಯನೊಬ್ಬ, ಕ್ಯಾಪ್ಟನ್, ಕಾರ್ಖಾನೆಗೆ ಬಂದ. ಒಂದೇ ದಿನ, ಒಂದೇ ಕಾಡಿನಲ್ಲಿ ಹೊಡೆದ ಎರಡು ಹೆಣ್ಣು ಜಿಂಕೆಗಳನ್ನು ಮೆಸ್ಸಿನ ಹಿತ್ತಲಲ್ಲಿ ನೋಡಿದ್ದನಂತೆ. ಒಂದರಲ್ಲಿ ಅಷ್ಟಿಷ್ಟು ಕೊಬ್ಬಿತ್ತು, ಇನ್ನೊಂದರಲ್ಲಿ ಏನೂ ಇರಲಿಲ್ಲ. ರೋಗವೇನೂ ಕಾಣಲಿಲ್ಲ. ಅದೇಕೆ ಎಂದು ಹಿಂದೂಸ್ತಾನಿಯಲ್ಲಿ ಕೇಳಿದ. ಇನಾಯತ್ ಉಲ್ಲಾ ಆ ಪ್ರಶ್ನೆಯನ್ನು ಪಿಳ್ಳಪ್ಪನ ಕಡೆ ದಾಟಿಸಿದರು.

ಪಿಳ್ಳಪ್ಪ ಕೈ ಒರೆಸಿಕೊಂಡು, ಕ್ಯಾಪ್ಟನ್ ಜೊತೆಗೆ ತಂದಿದ್ದ ಆ ಎರಡನೆಯದರ ತೊಡೆಯ ಮೂಳೆಯನ್ನು ಒಡೆದು ತೋರಿಸಿದ. ಮೇವು ಚೆನ್ನಾಗಿದ್ದ ಪ್ರಾಣಿಯಲ್ಲಿ ಮೂಳೆಯೊಳಗಿನ ಮಜ್ಜೆ ಗಟ್ಟಿ ತುಪ್ಪದ ಹಾಗೆ ಬೆಳ್ಳಗಿರುತ್ತದೆ. ಇದರಲ್ಲಿ ಕೆಂಪು ನೀರಿನಂಥ ಲೋಳೆ ಅಲುಗಾಡುತ್ತಿತ್ತು.

"ಇದು ಮರಿಗೆ ಹಾಲು ಕೊಡ್ತಿತ್ತು ಸಾಮಿ," ಎಂದ. "ಬೇಸ್ಗೇಲಿ ಹುಲ್ಲಲ್ಲಿ ಸತ್ವ ಇರಲ್ಲ. ಆದ್ರೂ ಹಾಲು ನಿಲ್ಸಲ್ಲ ಇದು. ಮೊದ್ಲು ಬೆನ್ನಿಂದು ಹೋಗ್ತದೆ, ಆಮೇಲೆ ಗುರ್ದಾದು. ಮೂಳೆ ಒಳಗಿಂದು ಕೊನೇಗೆ. ಅದೂ ಹೋದ್ಮೇಲೆ ಒಂದು ಜ್ವರ ಬಂದ್ರೂ ತಡೆಯಲ್ಲ."

ಗಂಡಿಗೆ ಬೇರೆ ಲೆಕ್ಕ ಎಂದೂ ಹೇಳಿದ. ಬೆದೆಯ ಕಾಲದಲ್ಲಿ ಗಂಡು ಮೇವು ಮರೆತು ಕಾದಾಡಿ ಇಳಿದುಹೋಗುತ್ತದೆ, ಆದರೆ ಮತ್ತೆ ಮಳೆ ಬಿದ್ದರೆ ತುಂಬಿಕೊಳ್ಳುತ್ತದೆ. ಮರಿಯಾಗಿದ್ದಾಗ ತಾಯಿಹಾಲು ಸಾಲದೆ ಬೆಳೆದದ್ದು ಮಾತ್ರ ಆಮೇಲೆ ಎಷ್ಟು ಮೇದರೂ ಗಾತ್ರಕ್ಕೆ ಬರುವುದಿಲ್ಲ. ಕ್ಯಾಪ್ಟನ್ ಎಲ್ಲವನ್ನೂ ಬರೆದುಕೊಂಡು, ಪಿಳ್ಳಪ್ಪನ ಕೈ ಕುಲುಕಿ ಹೋದ. ದೊರೆಯೊಬ್ಬ ತನ್ನ ಕೈ ಕುಲುಕಿದ್ದು ಅದೇ ಮೊದಲು. ಪಿಳ್ಳಪ್ಪ ಆ ಸಂಜೆ ಮನೆಗೆ ಹೋಗಿ ಹೆಂಡತಿ ಅಂಜಿನಮ್ಮನಿಗೆ ಅದನ್ನೆಲ್ಲ ಒಂದೂ ಬಿಡದೆ ಹೇಳಿದ.

ಅಂಜಿನಮ್ಮ ಒಲೆಯ ಮುಂದೆ ಕೂತು ಕೇಳಿಸಿಕೊಂಡಳು. ಮಡಿಲಲ್ಲಿ ನಾಲ್ಕು ತಿಂಗಳ ಹೆಣ್ಣುಮಗು ಅಣ್ಣಮ್ಮ ಹಾಲು ಕುಡಿಯುತ್ತಿತ್ತು. ರೇಷನ್ನಿನ ಕಾಲ. ರಾಗಿ ಸಿಕ್ಕಿದ ವಾರ ಅಕ್ಕಿ ಇಲ್ಲ, ಎರಡೂ ಇಲ್ಲದ ವಾರವೂ ಇರುತ್ತಿತ್ತು. ಅವಳು ಗಂಡನ ತಟ್ಟೆಗೆ ಮುದ್ದೆ ಇಟ್ಟಳು. ನಿನ್ನದೆಲ್ಲಿ ಎಂದು ಅವನು ಕೇಳಿದ.

"ನೀವು ಉಣ್ಣಿ. ನಂದು ಆಗೋಯ್ತು."

ಅವನು ಉಂಡ. ಅಂದೂ ಉಂಡ, ಮರುದಿನವೂ ಉಂಡ.

ಆಷಾಢದಲ್ಲಿ ಅಂಜಿನಮ್ಮನಿಗೆ ಜ್ವರ ಬಂತು. ಆ ಬೀದಿಯಲ್ಲಿ ಮನೆಗೊಬ್ಬರಿಗೆ ಬಂದಿದ್ದ ಜ್ವರವೇ ಅದು. ಉಳಿದವರೆಲ್ಲ ವಾರದಲ್ಲಿ ಎದ್ದು ಓಡಾಡಿದರು. ಅವಳು ಮೂರನೆಯ ದಿನ ಹೊತ್ತೇರುವ ಮುಂಚೆ ತೀರಿಕೊಂಡಳು. ಹೆಣಕ್ಕೆ ನೀರು ಹಾಕಿದ ಪಕ್ಕದ ಮನೆಯ ದೊಡ್ಡಮುನಿಯಮ್ಮ ಹೊರಗೆ ಬಂದು, ಸೆರಗಿನಲ್ಲಿ ಕೈ ಒರೆಸುತ್ತಾ, ಯಾರನ್ನೂ ನೋಡದೆ ಅಂದಳು:

"ಮೈಯಾಗೆ ಏನೂ ಇರ್ಲಿಲ್ಲ ಕಣಪ್ಪ. ಎತ್ತಿದ್ರೆ ಮಗು ಎತ್ತಿದಂಗಿತ್ತು."

ಪಿಳ್ಳಪ್ಪನ ತಲೆಯೊಳಗೆ ತನ್ನದೇ ದನಿ ಕೇಳಿಸಿತು. ಮೊದ್ಲು ಬೆನ್ನಿಂದು, ಆಮೇಲೆ ಗುರ್ದಾದು. ಅವಳ ಎದುರಿಗೇ ಕೂತು, ಬಾಯ್ತುಂಬ ಮುದ್ದೆ ಇಟ್ಟುಕೊಂಡು ಹೇಳಿದ್ದ ಅದನ್ನು. ಅವಳು ತಲೆಯಾಡಿಸಿದ್ದಳು.

ಮಗುವನ್ನು ದೊಡ್ಡಮುನಿಯಮ್ಮ ಮೇಕೆ ಹಾಲು ಹಾಕಿ ಸಾಕಿದಳು. ಹದಿನೈದು ದಿನ ಕಳೆದು ಪಿಳ್ಳಪ್ಪ ಕೆಲಸಕ್ಕೆ ಹೋದ. ಅಂಜಿನಮ್ಮ ಬರತೊಡಗಿದ್ದು ಆಗಿನಿಂದ.

ಮನೆಗೆ ಬಂದಿದ್ದರೆ ಅವನಿಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲವೇನೋ. ಅವಳು ಬಂದದ್ದು ಕಾರ್ಖಾನೆಗೆ, ಹಾಡುಹಗಲಲ್ಲಿ. ಬದುಕಿದ್ದಾಗ ಒಂದು ದಿನವೂ ಆ ಹೊಸ್ತಿಲು ತುಳಿದವಳಲ್ಲ. ಮೊದಲು ವಾಸನೆ: ಸೀರೆಯ ಮೇಲೆ ಒಣಗಿದ ಎದೆಹಾಲಿನ ಹುಳಿ, ಅದರೊಟ್ಟಿಗೆ ತಲೆಗಿಟ್ಟ ಹರಳೆಣ್ಣೆ. ಆಮೇಲೆ ಕೋಣೆಯ ಆ ತುದಿಯಲ್ಲಿ, ಇನ್ನೂ ಕಣ್ಣಿಡದ ಜಿಂಕೆಗಳ ಸಾಲಿನ ನಡುವೆ, ನಿಂತಿರುವ ಆಕಾರ. ಅವನು ತಲೆ ಎತ್ತುತ್ತಿರಲಿಲ್ಲ. ಕೆಚ್ಚಲಲ್ಲಿ ಹಾಲಿದ್ದ ಜಿಂಕೆಯ ಚರ್ಮ ಕೈಗೆ ಬಂದ ದಿನಗಳಲ್ಲಿ ತಪ್ಪದೆ ಬರುತ್ತಾಳೆ ಎನ್ನುವುದು ಕೆಲವು ತಿಂಗಳಲ್ಲಿ ಅವನಿಗೆ ಗೊತ್ತಾಯಿತು. ಏನೂ ಕೇಳುತ್ತಿರಲಿಲ್ಲ. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ಮರುವರ್ಷ ಬೇಸಗೆಯಲ್ಲಿ ಕುಕ್ ಟೌನಿನ ಬಂಗಲೆಯೊಂದರ ಮೇಜರ್ ಒಂದು ಹೆಣ್ಣು ಜಿಂಕೆ ಕಳಿಸಿದ. ಮರಿಗೆ ಹಾಲೂಡುತ್ತಿದ್ದದ್ದು. ಪೊದೆಯ ಮರೆಯಲ್ಲಿ ಗಂಡೆಂದುಕೊಂಡು ಹೊಡೆದುಬಿಟ್ಟೆ ಎಂದು ಆಳಿನ ಕೈಲಿ ಹೇಳಿಕಳಿಸಿದ್ದ. ಮೇಜರನ ಹೆಂಡತಿಗೆ ಅದನ್ನು ಹಜಾರದಲ್ಲಿ ನಿಲ್ಲಿಸಬೇಕು. ದುಂಡಗೆ, ಹೊಳೆಯುವ ಹಾಗೆ ಮಾಡಬೇಕು.

ಪಿಳ್ಳಪ್ಪ ಅಳತೆ ತೆಗೆದು ಮೈ ಕಟ್ಟಲು ಕೂತ. ಹುಲ್ಲನ್ನು ದುಂಡಗೆ ಸುತ್ತಿದ, ಬಿಚ್ಚಿದ. ಮತ್ತೆ ಸುತ್ತಿದ. ಸೊಂಟದ ಮುಂದಿನ ಗುಳಿಯನ್ನು ತುಂಬಿಸಲು ಕೈ ಹೋದಾಗೆಲ್ಲ ಆ ವಾಸನೆ ಬರುತ್ತಿತ್ತು. ಒಂಬತ್ತು ದಿನಗಳಾದ ಮೇಲೆ ಅವನು ಬಟ್ಟೆ ಸರಿಸಿ ತೋರಿಸಿದ್ದನ್ನು ಕಂಡು ಇನಾಯತ್ ಉಲ್ಲಾ ಎರಡು ಹೆಜ್ಜೆ ಹಿಂದೆ ಸರಿದರು. ಪಕ್ಕೆಲುಬು ಎಣಿಸಬಹುದಾಗಿತ್ತು. ಬೆನ್ನ ಮೂಳೆ ಏಣಾಗಿ ನಿಂತಿತ್ತು. ಕುತ್ತಿಗೆ ಹಿಂದಕ್ಕೆ ತಿರುಗಿ, ಮರಿ ಎಲ್ಲಿ ಎಂದು ನೋಡುವ ಹಾಗಿತ್ತು. ಅವರ ಕಾರ್ಖಾನೆಯಲ್ಲಿ ಅಷ್ಟು ಜೀವಂತವಾದದ್ದನ್ನು ಯಾರೂ ಮಾಡಿರಲಿಲ್ಲ, ಅಷ್ಟು ನೋಡಲಾರದ್ದನ್ನೂ.

ಇದನ್ನು ಯಾರು ಮನೆಯಲ್ಲಿಟ್ಟುಕೊಳ್ಳುತ್ತಾರೆ ಎಂದು ಸಾಹೇಬರು ಮೆಲ್ಲನೆ ಕೇಳಿದರು. ಬಿಚ್ಚಿ ಸರಿಮಾಡು ಎಂದರು. ಇದ್ದದ್ದೇ ಹೀಗೆ ಎಂದು ಪಿಳ್ಳಪ್ಪ ಹೇಳಿದ. ಅದೇ ಹೊತ್ತಿಗೆ ಮೇಲಿನಿಂದ ಸಾಹೇಬರ ಸೊಸೆ ಜಹನಾರಾ ಚಹಾ ತಂದಳು. ಹೆತ್ತು ಮೂರು ತಿಂಗಳಾಗಿತ್ತು. ಯಾವಾಗಲೂ ಮೆಟ್ಟಿಲ ಬಾಗಿಲ ಹಿಂದೆಯೇ ನಿಂತು ತಟ್ಟೆ ನೀಡಿ ಹೋಗುವವಳು. ಅಂದು ತಟ್ಟೆ ನೀಡಿದವಳು ಬಾಗಿಲ ಚೌಕಟ್ಟು ಹಿಡಿದು ಒಂದು ಗಳಿಗೆ ಕಣ್ಣು ಮುಚ್ಚಿದಳು. ದುಪಟ್ಟಾ ಜಾರಿತು. ಕೊರಳ ಕೆಳಗಿನ ಎರಡು ಮೂಳೆಗಳ ನಡುವೆ ಒಂದು ಹಿಡಿ ಕಾಳು ನಿಲ್ಲುವಷ್ಟು ಗುಳಿ.

ಅವಳು ಮೇಲೆ ಹೋದಳು. ಪಿಳ್ಳಪ್ಪ ಕೈಲಿದ್ದ ಬಟ್ಟೆಯನ್ನು ಮಡಿಸಿಟ್ಟ. ಮನೆಯ ಹೆಣ್ಣುಮಗಳ ಮೈಯ ಬಗ್ಗೆ ಕೆಲಸದವನೊಬ್ಬ ಯಜಮಾನರೊಂದಿಗೆ ಮಾತಾಡುವುದುಂಟೆ? ಆದರೆ ಕೋಣೆಯ ಆ ತುದಿಯಲ್ಲಿ ಅಂಜಿನಮ್ಮ ನಿಂತಿದ್ದಳು. ಅಂದು ಮೊದಲ ಸಲ ಅವನು ತಲೆಯೆತ್ತಿ ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ. ಮೆಟ್ಟಿಲ ಕಡೆ ನೋಡುತ್ತಿದ್ದಳು.

"ಸಾಬ್ರೇ," ಎಂದ ಪಿಳ್ಳಪ್ಪ, "ನಿಮ್ ಸೊಸೆಯವ್ರು ಉಣ್ತಾ ಇಲ್ಲ."

ಇನಾಯತ್ ಉಲ್ಲಾರಿಗೆ ಅರ್ಥವಾಗಲಿಲ್ಲ.

"ಈ ಜಿಂಕೆ ನೋಡಿ, ಅವ್ರನ್ನ ನೋಡಿ. ನಮ್ಮನೇಲೂ ಅವ್ಳು ನಂದು ಆಗೋಯ್ತು ಅಂತಿದ್ಲು. ನಾನು ಕೇಳ್ದೆ, ನೋಡ್ಲಿಲ್ಲ. ನೀವು ಕೇಳ್ಬೇಡಿ. ತಟ್ಟೆ ನೋಡಿ."

ಸಾಹೇಬರ ಮುಖ ಕೆಂಪೇರಿತು. ಇಷ್ಟು ವರ್ಷಗಳಲ್ಲಿ ಅವರು ಅವನ ಮೇಲೆ ದನಿ ಎತ್ತಿದವರಲ್ಲ. ಅಂದೂ ಎತ್ತಲಿಲ್ಲ. ಬಾಗಿಲು ತೋರಿಸಿ, "ನಾಳೆಯಿಂದ ಬರ್ಬೇಡ ಪಿಳ್ಳಪ್ಪ," ಎಂದರು ಅಷ್ಟೇ.

ಅವನು ಕೆರೆ ಏರಿಯ ಮೇಲೆ ಮನೆಗೆ ನಡೆದ. ಎರಡು ದಿನ ಮಗುವನ್ನು ಎತ್ತಿಕೊಂಡು ಜಗಲಿಯ ಮೇಲೆ ಕೂತ. ಕೆಲಸ ಹೋದದ್ದಕ್ಕಿಂತ, ತಾನು ಸುಮ್ಮನೆ ಒಂದು ಮನೆಯ ಮಾನ ಕಳೆದೆನೇನೋ ಎಂಬ ಚಿಂತೆ ಅವನನ್ನು ತಿನ್ನುತ್ತಿತ್ತು. ಮೂರನೆಯ ದಿನ ಮಧ್ಯಾಹ್ನ ಬೀದಿಯ ತುದಿಯಲ್ಲಿ ಜಟಕಾ ನಿಂತಿತು. ಬುರ್ಖಾ ತೊಟ್ಟ ಹೆಂಗಸೊಬ್ಬಳು ಇಳಿದು ದೊಡ್ಡಮುನಿಯಮ್ಮನ ಮನೆ ಕೇಳಿಕೊಂಡು ಬಂದಳು. ಇನಾಯತ್ ಉಲ್ಲಾರ ಹೆಂಡತಿ ಸುರಯ್ಯಾ. ಮರ್ಫಿ ಟೌನಿನ ಆ ಬೀದಿಗೆ ಅಂಥ ಮನೆಯವರು ಬಂದದ್ದು ಯಾರಿಗೂ ನೆನಪಿಲ್ಲ.

ಅವಳು ಜಗಲಿಯಲ್ಲೇ ಕೂತು, ಅರ್ಧ ದಖನಿ ಅರ್ಧ ಕನ್ನಡದಲ್ಲಿ, ದೊಡ್ಡಮುನಿಯಮ್ಮನಿಗೆ ಹೇಳುವ ಹಾಗೆ ಪಿಳ್ಳಪ್ಪನಿಗೆ ಹೇಳಿದಳು. ಗಂಡ ಸಿಟ್ಟಿನಲ್ಲಿ ಹೇಳಿದ್ದನ್ನು ಕೇಳಿ, ಎರಡು ಹೊತ್ತು ಸೊಸೆಯ ತಟ್ಟೆಯನ್ನೇ ಕಾದು ಕೂತಿದ್ದಳಂತೆ. ಯುದ್ಧದಿಂದ ತಪ್ಪಿಸಿಕೊಂಡು ರಂಗೂನಿನಿಂದ ನಡೆದು ಬಂದು ಸೇರಿದ್ದ ನೆಂಟರು ಐವರು ಆ ಮನೆಯಲ್ಲಿದ್ದರು. ಜಹನಾರಾ ಎಲ್ಲರಿಗೂ ಬಡಿಸಿ, ಖಾಲಿ ಪಾತ್ರೆ ಮುಚ್ಚಿಟ್ಟು, ತನ್ನದಾಯಿತು ಎಂದು ಏಳುತ್ತಿದ್ದಳು. ಎಷ್ಟು ದಿನದಿಂದ ಎಂದು ಕೇಳಿದರೆ ಅತ್ತಳಂತೆ. ಈಗ ಸುರಯ್ಯಾ ಅವಳನ್ನು ಎಲ್ಲರಿಗಿಂತ ಮೊದಲು, ತನ್ನ ಎದುರಿಗೆ ಕೂರಿಸಿ ಉಣಿಸುತ್ತಿದ್ದಾಳೆ.

"ನಾನು ಹೆಂಗ್ಸು, ನಂಗೇ ಕಾಣ್ಲಿಲ್ಲ," ಎಂದಳು ಸುರಯ್ಯಾ. "ನಿಮ್ಗೆ ಹೆಂಗೆ ಕಾಣ್ತು?"

ಪಿಳ್ಳಪ್ಪ ಮಗುವನ್ನು ಮಡಿಲಿಗೆ ಎಳೆದುಕೊಂಡ. ದೊಡ್ಡಮುನಿಯಮ್ಮ ಎದ್ದು ಒಳಗೆ ಹೋದಳು.

ಸಾಹೇಬರು ಬರಹೇಳಿದ್ದಾರೆಂದು ಸುರಯ್ಯಾ ಹೇಳಿಹೋಗಿದ್ದರಿಂದ ಮಾರನೆಯ ದಿನ ಅವನು ಕೆಲಸಕ್ಕೆ ಹೋದ. ಜಹನಾರಾ ಉಳಿದಳು, ಚಳಿಗಾಲದ ಹೊತ್ತಿಗೆ ಮೆಟ್ಟಿಲ ಮೇಲೆ ಅವಳ ಹೆಜ್ಜೆಯ ಸದ್ದು ಬೇರೆಯಾಗಿತ್ತು. ಮೇಜರನ ಮನೆಗೆ ಬೇರೆ ಯಾವುದೋ ಹೆಣ್ಣು ಜಿಂಕೆ ಹೋಯಿತು, ದುಂಡಗಿನದು. ಆ ಸೊರಗಿದ್ದನ್ನು ಇನಾಯತ್ ಉಲ್ಲಾ ಬಿಚ್ಚಲೂ ಇಲ್ಲ, ಮಾರಲೂ ಇಲ್ಲ; ಗೋಡೆಯ ಕಡೆ ಮುಖಮಾಡಿ ನಿಲ್ಲಿಸಿದರು.

ಒಬ್ಬಳನ್ನು ಉಳಿಸಿದರೆ ಇನ್ನೊಬ್ಬಳು ಬರುವುದನ್ನು ನಿಲ್ಲಿಸುತ್ತಾಳೆ ಎಂದು ಪಿಳ್ಳಪ್ಪ ಒಳಗೊಳಗೇ ನಂಬಿದ್ದ. ಅಂಜಿನಮ್ಮ ನಿಲ್ಲಿಸಲಿಲ್ಲ.

ದೊರೆಗಳು ಊರು ಬಿಟ್ಟ ಮೇಲೆ ಬೇಟೆಯ ಚರ್ಮ ಬರುವುದು ಕಡಿಮೆಯಾಗಿ, ನಲವತ್ತೆಂಟರಲ್ಲಿ ಕಾರ್ಖಾನೆ ಮುಚ್ಚಿತು. ಪಿಳ್ಳಪ್ಪನಿಗೆ ವಿಮಾನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಬಡಿಸುವ ಕೆಲಸ ಸಿಕ್ಕಿತು. ಅಣ್ಣಮ್ಮ ಶಾಲೆಗೆ ಸೇರಿದಳು. ಚುರುಕಿನ ಹುಡುಗಿ, ಊಟಕ್ಕೆ ಕೊರತೆ ಮಾಡದೆ ಸಾಕಿದ. ಆದರೂ ತರಗತಿಯಲ್ಲಿ ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ, ಎಲ್ಲರಿಗಿಂತ ಗಿಡ್ಡಗೆ ನಿಲ್ಲುತ್ತಿದ್ದಳು. ಬರುಬರುತ್ತಾ ಬೆಳೆಯುತ್ತಾಳೆ ಬಿಡಿ ಎಂದು ಉಪಾಧ್ಯಾಯಿನಿ ಸಮಾಧಾನ ಹೇಳಿದಾಗ ಅವನು ಹೂಂ ಎಂದ.

ಕ್ಯಾಂಟೀನಿನಲ್ಲಿ ಗುಡಿಸುವ, ಮಣ್ಣು ಹೊರುವ ಹೆಂಗಸರು ಎಲ್ಲರ ಊಟವಾದ ಮೇಲೆ ಬರುತ್ತಿದ್ದರು. ಅವರಿಗೆ ಉಳಿದದ್ದು. ಪಿಳ್ಳಪ್ಪ ಸೇರಿದ ಮೊದಲ ತಿಂಗಳಲ್ಲೇ ಅವರ ಪಾಲನ್ನು ಮುಂಚೆಯೇ ತೆಗೆದು ಮುಚ್ಚಿಡತೊಡಗಿದ. ಬಡಿಸಿ ಹೋಗುತ್ತಿರಲಿಲ್ಲ, ಅವರು ತುತ್ತು ಬಾಯಿಗಿಡುವವರೆಗೆ ಎದುರಿಗೇ ನಿಂತಿರುತ್ತಿದ್ದ. ಕೈಗೂಸಿನವಳಾದರೆ ತಟ್ಟೆ ಬರಿದಾಗುವವರೆಗೆ. ಮೊದಲು ಅವರು ನಾಚಿಕೊಂಡರು, ಬೈದುಕೊಂಡರು, ಆಮೇಲೆ ರೂಢಿಯಾಯಿತು.

ಆ ಸಾಲಿನ ಕೊನೆಯಲ್ಲಿ ಅಂಜಿನಮ್ಮ ನಿಂತಿರುತ್ತಿದ್ದಳು. ಅವನು ಒಂದು ತಟ್ಟೆಗೆ ಮುದ್ದೆ, ಸಾರು ಹಾಕಿ ಅವಳ ಮುಂದೆ ನೆಲದ ಮೇಲೆ ಇಡುತ್ತಿದ್ದ. ಯಾರಿಗದು ಎಂದು ಹೆಂಗಸರು ಕೇಳಿದರೆ ನಮ್ಮೋಳಿಗೆ ಎನ್ನುತ್ತಿದ್ದ. ಅವರು ಮತ್ತೆ ಕೇಳಲಿಲ್ಲ. ಆ ಜಾಗದಲ್ಲಿ ಕೂರುವುದನ್ನೂ ಬಿಟ್ಟರು. ಹೊತ್ತು ಇಳಿಯುವವರೆಗೆ ಅವನು ಕಾಯುತ್ತಿದ್ದ. ಸಾರಿನ ಮೇಲೆ ಕೆನೆ ಕಟ್ಟುತ್ತಿತ್ತು. ಅವಳು ಒಂದು ದಿನವೂ ಕೂರಲಿಲ್ಲ.