ಹೋಗುವಾಗ ಏರುವ ಮುಳ್ಳು

ಅಮೋಘಪ್ಪನ ಬಾಯಿಂದ ಮಾತು ಹೊರಡಿಸುವುದೆಂದರೆ ಕಲ್ಲಿನಲ್ಲಿ ನಾರು ತೆಗೆದಂತೆ. ಕಮಲಾಪುರದ ತುಂಬಿದ ಮನೆಯಲ್ಲಿ, ಅವ್ವ, ತಮ್ಮಂದಿರು, ಅವರ ಹೆಂಡಿರ ನಡುವೆ ಅವನು ಉಂಡನೋ ಬಿಟ್ಟನೋ ಎಂಬುದೂ ತಿಳಿಯುತ್ತಿರಲಿಲ್ಲ. ಅದೇ ಮನುಷ್ಯ ಪಿಕಪ್ಪಿನ ಸ್ಟಿಯರಿಂಗ್ ಹಿಡಿದನೋ, ಬೇರೆಯೇ ಆಸಾಮಿ! ಕೆಂಪು ಬಾಳೆಗೊನೆ ಹೇರಿಕೊಂಡು ಕಲಬುರಗಿ ಪೇಟೆಗೆ ಹೊರಟರೆ, ಪಕ್ಕದಲ್ಲಿ ಕೂತ ಹೆಂಡತಿ ಬಂಡಮ್ಮನ ಜೊತೆ ದಾರಿಯುದ್ದಕ್ಕೂ ಮಾತು, ನಗು, ಚೇಷ್ಟೆ. ಆ ಸೀಟಿಗಾಗಿಯೇ ಅವಳು ಪೇಟೆಯ ದಿನವನ್ನು ಕಾಯುತ್ತಿದ್ದಳು. ತನಗೆ ಗಂಡ ಸಿಗುವುದೇ ಗಾಡಿಯಲ್ಲಿ ಎಂದು ಒಳಗೊಳಗೇ ನಗುತ್ತಿದ್ದಳು, ಪಾಪ.

ಈಗ ಆ ಗಾಡಿಗೇ ಕುತ್ತು ಬಂದಿತ್ತು. ಕಮಲಾಪುರ ದಾಟುತ್ತಲೇ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಏರುವುದು, ಇಳಿಯುವುದು, ಮತ್ತೆ ಕೆಂಪು ಗೆರೆಯತ್ತ ಜಿಗಿಯುವುದು. ಅಮೋಘಪ್ಪ ಗಾಬರಿಬಿದ್ದು ನಿಲ್ಲಿಸಿ, ಎಂಜಿನ್ ತಣ್ಣಗಾಗುವ ತನಕ ಕಾದು, ರೇಡಿಯೇಟರಿಗೆ ನೀರು ಸುರಿದು, ಮುಚ್ಚಳ ಬಿಗಿದು ಮುಂದೆ ಸಾಗುವನು. ಆಮೇಲೆ ಕಲಬುರಗಿ ಮುಟ್ಟಿ ಮನೆಗೆ ಮರಳುವ ತನಕ ಮುಳ್ಳು ತೆಪ್ಪಗೆ ನಡುವೆ ನಿಂತಿರುವುದು. ಮುಂದಿನ ಸಲ ಹೊರಟಾಗ ಮತ್ತೆ ಅದೇ ರಾಮಾಯಣ.

ಕಲಬುರಗಿ ಶಹಾಬಜಾರದ ಮಲಂಗಸಾಬ, ಗಾಡಿ ಕೊಂಡ ದಿನದಿಂದ ಅದರ ನಾಡಿ ಬಲ್ಲ ಮಿಸ್ತ್ರಿ. ಥರ್ಮೋಸ್ಟಾಟ್ ಬದಲಿಸಿದ, ರೇಡಿಯೇಟರ್ ತೊಳೆಸಿದ, ಫ್ಯಾನಿನ ಬೆಲ್ಟ್ ಎಳೆದು ನೋಡಿದ. ಎಲ್ಲೂ ಸೋರಿಕೆಯಿಲ್ಲ. ಗಂಡ ಹೆಂಡತಿ ಪಕ್ಕದಲ್ಲೇ ನಿಂತು ನೋಡುತ್ತಿದ್ದರು.

"ಹೆಡ್ ಗ್ಯಾಸ್ಕೆಟ್ ಹೋಗ್ಯದೇನೋ ಅಮೋಘಪ್ಪ. ಎಂಜಿನ್ ಬಿಚ್ಚಬೇಕಾಗ್ತದ," ಎಂದ.

"ಬಿಚ್ಚೋದು ಬ್ಯಾಡ. ಯಾವತ್ತರ ಒಂದಿನ ಇಕಿನ್ನ ನಡುರಸ್ತಾದಾಗ ನಿಲ್ಲಿಸ್ತದ ಇದು. ಖೂಬಾ ಪ್ಲಾಟಿನ ದೇವಾನಂದ ಕೇಳ್ಲಾಕತ್ತಾನ, ಸೋಮವಾರ ಕೊಟ್ಟುಬಿಡ್ತೀನಿ."

ದೇವಾನಂದ ಹಳೆ ಗಾಡಿ ಕೊಂಡು ಮಾರುವವನು. ಬಂಡಮ್ಮ ಚಟ್ಟನೆ ಮುಂದೆ ಬಂದಳು. ಗಾಡಿ ಹೋದರೆ ನಿಮ್ಮ ಮಾತೂ ಹೋಗ್ತದ ಎಂದು ಮೂರನೆಯವರ ಮುಂದೆ ಗಂಡನಿಗೆ ಹೇಳಲಾದೀತೇ? ಅವಳು ಮಲಂಗಸಾಬನತ್ತ ತಿರುಗಿ, "ಅಣ್ಣಾ, ಇನ್ನೊಮ್ಮೆ ನೋಡ್ರಿ, ನಿಮ್ಮ ಕಾಲು ಬೀಳ್ತೀನಿ," ಎಂದಳು. ಕಣ್ಣು ತುಂಬಿದ್ದವು.

ಮಲಂಗಸಾಬ ಇಲ್ಲವೆನ್ನಲಾರದೆ ಎದ್ದ. ಗಾಡಿಯ ತುಂಬ ಉಸುಕಿನ ಚೀಲ ಹೇರಿಸಿ, ಊರ ಹೊರಗೆ ಗಂಟೆಗಟ್ಟಲೆ ಓಡಿಸಿಕೊಂಡು ಬಂದ. ಮುಳ್ಳು ಮಿಸುಕಲಿಲ್ಲ.

"ಭಾರಕ್ಕ ಏರಂಗಿಲ್ಲ. ನಿಮ್ಮೂರಿಂದ ಹೊಂಟಾಗ ಅಷ್ಟೇ ಏರ್ತದ. ಅಂದ್ರ ಖರಾಬಿ ಗಾಡಿಯಾಗಿಲ್ಲ ಮಾರಾಯ, ನಿಮ್ಮ ಅಂಗಳದಾಗ ಅದ! ನಾಳಿ ಮುಂಜಾನಿ ನಾನೇ ಬರ್ತೀನಿ. ದಿನಾ ಹೆಂಗ ಹೊರಡ್ತೀರಿ, ಹಂಗೇ ಹೊರಡ್ರಿ."

ಮರುದಿನ ಮಲಂಗಸಾಬ ಮೊದಲ ಬಸ್ಸಿಗೇ ಕಮಲಾಪುರಕ್ಕೆ ಬಂದು ಅವರ ಮನೆಯ ಕಟ್ಟೆಯ ಮೇಲೆ ಕೂತ. ಗೊನೆ ಹೇರಿ ಮುಗಿಸಿ ಅಮೋಘಪ್ಪ ಜಳಕಕ್ಕೆ ಹೋದ. ಬಂಡಮ್ಮ ಕೊಡ ಹಿಡಿದು ಬಂದಳು. ಬಾನೆಟ್ ಎತ್ತಿ, ಮುಚ್ಚಳ ತೆಗೆದು, "ಕುಡಿ ನಮ್ಮಪ್ಪಾ," ಎನ್ನುತ್ತ ತುಂಬುವ ತನಕ ನೀರೆರೆದಳು. ಮುಚ್ಚಳವಿಟ್ಟು, ಮೆಲ್ಲಗೆ ಅರ್ಧ ತಿರುವಿ ಕೈಬಿಟ್ಟಳು.

ಮಲಂಗಸಾಬ ದಡಕ್ಕನೆ ಎದ್ದ. "ತಡಿ ತಂಗೆಮ್ಮ! ಇದು ಪ್ರತಿ ಸಲಾನೂ ಮಾಡ್ತೀಯೇನು?"

"ಹೂಂ ಅಣ್ಣಾ. ಬ್ಯಾಸಗಿಯಾಗ ನೀವೇ ಅಂದಿದ್ರಲ್ಲ, ನೀರು ಕಮ್ಮಿ ಆಗದಂಗ ನೋಡ್ಕೊಳ್ರಿ ಅಂತ. ಎತ್ತು ಇದ್ದಾಗೂ ನೀರು ಕುಡಿಸ್ದೆ ನಾವು ಬಂಡಿ ಹೂಡ್ತಿದ್ದಿಲ್ಲ."

"ಮತ್ತ ಮುಚ್ಚಳ ಯಾಕ ಪೂರಾ ಬಿಗಿದಿಲ್ಲ?"

"ಎತ್ತಿನ ಕೊಳ್ಳಿನ ಹಗ್ಗ ಯಾರರ ಬಿಗಿದು ಕಟ್ತಾರೇನ್ರಿ? ಎರಡು ಬೆರಳು ಸಡಿಲ ಇರಬೇಕು. ಉಸಿರು ಆಡಬೇಕಲ್ಲ ಅದಕ್ಕ!"

"ಯಾ ಅಲ್ಲಾ!" ಮಲಂಗಸಾಬ ಹಣೆ ಬಡಿದುಕೊಂಡು ನಕ್ಕ. "ಬಗಲಾಗ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದಂಗಾಯ್ತು! ಮುಚ್ಚಳ ಬಿಗಿ ಇದ್ರೇನೇ ಒಳಗ ಪ್ರೆಶರ್ ನಿಲ್ತದ ತಂಗೆಮ್ಮ. ಸಡಿಲಾದ್ರ ಬಿಸಿನೀರು ಉಕ್ಕಿ ಹೊರಗ ಹೋಗ್ತದ, ಆ ಜಾಗಕ್ಕ ಗಾಳಿ ಸೇರ್ತದ. ಗಾಳಿ ಸುಳಿದಾಗೆಲ್ಲ ಮುಳ್ಳು ಕುಣೀತದ. ದಾರ್ಯಾಗ ನಿನ್ನ ಗಂಡ, ಸಡಿಲ ಇದ್ದದ್ದು ತಿಳೀದೇನೇ, ಬಿಗಿದು ಮುಚ್ತಾನ, ನನ್ನ ಹತ್ರ ಬರೋದ್ರಾಗ ಎಲ್ಲ ನೆಟ್ಟಗಿರ್ತದ. ನನಗೆಲ್ಲಿ ಸಿಗಬೇಕು ಅದು?"

ಬಂಡಮ್ಮನ ಮುಖ ಸಣ್ಣದಾಯಿತು. ಅಯ್ಯೋ ಶಿವನೇ, ನನ್ನ ಸೀಟನ್ನು ನಾನೇ ಕೈಯಾರೆ ಕಳೆದುಕೊಳ್ಳುತ್ತಿದ್ದೆನಲ್ಲ! ತಿರುಗಿ ನೋಡಿದರೆ ಅಮೋಘಪ್ಪ ಒದ್ದೆ ಟವೆಲ್ಲಿನಲ್ಲೇ ಬಾಗಿಲಲ್ಲಿ ನಿಂತಿದ್ದ. ಅವನ ಹಿಂದೆ ಮನೆಮಂದಿಯೆಲ್ಲ.

"ನಂದೇ ತಪ್ಪು ನೋಡ್ರಿ," ಎಂದಳು ನೆಲ ನೋಡುತ್ತ.

ಅವನು ಇಳಿದು ಬಂದು ಅವಳ ಅಂಗೈಯನ್ನು ಮುಚ್ಚಳದ ಮೇಲಿಟ್ಟ, ಅದರ ಮೇಲೆ ತನ್ನ ಕೈಯಿಟ್ಟು ಒತ್ತಿ ತಿರುವಿದ. ಮುಚ್ಚಳ ಕಟಕ್ಕೆಂದು ಕೂತಿತು. ಅವಳು ನಾಚಿ ಕೈ ಎಳೆದುಕೊಳ್ಳುವಷ್ಟರಲ್ಲಿ ಅವನು ಫೋನ್ ತೆಗೆದು, ಅಂಗಳಕ್ಕೆಲ್ಲ ಕೇಳುವಂತೆ ಮಾತಾಡತೊಡಗಿದ.

"ದೇವಾನಂದಾ, ಗಾಡಿ ಕೊಡಂಗಿಲ್ಲಪ್ಪ. ಇಲ್ಲೋ, ರೊಕ್ಕದ ಮಾತಲ್ಲ. ಅದ್ರಾಗ ನಮ್ಮ ಮನಿಯಾಕಿ ಕುಂದ್ರೋ ಜಾಗ ಅದ. ಅದು ಹೋದ್ರ ನಾ ಯಾರ ಜೋಡಿ ಮಾತಾಡ್ಲಿ?"

ಮನೆಮಂದಿಯ ಮುಂದೆ ಅವನು ಅಷ್ಟು ಮಾತಾಡಿದ್ದು ಅದೇ ಮೊದಲು.