ಅರ್ಧ ಹಲಗೆ ಜರ್ದಾಳು

ಸೆನೆಮ್ ಪಂಜರದೊಳಗೆ ಕೈ ಹಾಕಿ ಬಟ್ಟಲಲ್ಲಿದ್ದ ಹಳದಿ ಜರ್ದಾಳು ಹಣ್ಣನ್ನು ತೆಗೆದುಬಿಟ್ಟಳು. ಹಸಿರು ಹಕ್ಕಿ ಕಂಬಿಗೆ ಅಂಟಿಕೊಂಡು ಅವಳ ಬೆರಳನ್ನೇ ನೋಡುತ್ತಿತ್ತು.

“ಯಾರು ಹಾಕಿದ್ದು ಇದನ್ನ?”

“ನಾನೇ ಅಕ್ಕ.” ಪಕ್ಕದ ಮನೆಯ ಮೆಲಾಹತ್ ಹಲ್ವಕ್ಕೆ ಹಿಟ್ಟು ಹುರಿಯುತ್ತಿದ್ದವಳು ಸೌಟು ಹಿಡಿದೇ ಬಂದಳು. “ನಿನ್ನೆಯಿಂದ ಉಪವಾಸ ಇದೆ, ಪಾಪ. ಅಂಗಡೀದು, ನೋಡು, ಬಂಗಾರದ ಹಾಗಿದೆ.”

“ತಿಂತಾ?”

“ಕೊಕ್ಕೂ ತಾಗಿಸ್ಲಿಲ್ಲ. ವಹಾಪ್ ಉಸ್ತಾ ತೀರ್ಕೊಂಡ್ರು ಅಂತ ಫಿಸ್ತಿಕ್‌ಗೂ ಗೊತ್ತಾಗಿದೆ.”

“ಏನೂ ಗೊತ್ತಾಗಿಲ್ಲ ಅದಕ್ಕೆ. ಇದು ಗಂಧಕದ ಹೊಗೆ ಕೊಟ್ಟಿರೋ ಹಣ್ಣು. ಬಂಗಾರ ಎಲ್ಲಿಂದ ಬಂತು ಅಂದ್ಕೊಂಡೆ?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಏನೂ ಇರಲಿಲ್ಲ. ಬೆಳಗಿನಿಂದ ಹೆಂಗಸರೆಲ್ಲ ಅವಳು ಅಳುವುದನ್ನು ಕಾಯುತ್ತಿದ್ದರು. ಅವಳೂ ಕಾಯುತ್ತಿದ್ದಳು.

ಕಪಾಟಿನ ಕೆಳಗಿನ ಅರೆಯಲ್ಲಿದ್ದ ಡಬ್ಬಿ ತೆರೆದಳು, ಒಳಗೆ ಏನೂ ಇರಲಿಲ್ಲ.

“ಅದರಲ್ಲಿದ್ದ ಕಂದು ಹಣ್ಣಾ?” ಮೆಲಾಹತ್ ಸೌಟನ್ನು ಎದೆಗೆ ಒತ್ತಿಕೊಂಡಳು. “ಅಯ್ಯೋ, ಬಂದವರಿಗೆ ಅಂತ ಸಕ್ಕರೆ ಪಾಕಕ್ಕೆ ಹಾಕಿ ಕುದಿಸಿಬಿಟ್ಟೆ. ಹಳೇ ಮಾಲು, ಖರ್ಚಾಗ್ಲಿ ಅಂತ...”

ಮಲಾತ್ಯ ಊರಿನಲ್ಲಿ ಯಾರಾದರೂ ಹಾಗೆಯೇ ಅಂದುಕೊಳ್ಳುತ್ತಿದ್ದರು. ಕಂದಾದ ಜರ್ದಾಳು ಯಾರಿಗೂ ಮಾರಲಾಗದ್ದು.

“ಮಾಳಿಗೆ ಮೇಲೆ ಇನ್ನೊಂದು ಹಲಗೆ ಹಣ್ಣಿದೆ,” ಎಂದಳು ಸೆನೆಮ್. “ಇವತ್ತು ಬೀಜ ತೆಗೀದಿದ್ರೆ ಅದೂ ಹೋಯ್ತು.”

*

ಸೆನೆಮ್‌ಳ ಗಂಡ ವಹಾಪ್ ಮೂವತ್ತು ವರ್ಷ ಹಣ್ಣು ಒಣಗಿಸುವ ಅಂಗಳದ ಹೊಗೆಕೋಣೆಯಲ್ಲಿ ದುಡಿದವನು. ಹಣ್ಣಿನ ಹಲಗೆಗಳನ್ನು ಒಳಗೆ ಪೇರಿಸಿ, ಗಂಧಕಕ್ಕೆ ಬೆಂಕಿ ಇಟ್ಟು, ಬಾಗಿಲ ಸಂದಿಗೆ ಮಣ್ಣು ಮೆತ್ತುವುದು ಅವನ ಕೆಲಸ. ಆ ಹೊಗೆ ಕುಡಿದ ಹಣ್ಣು ಎಷ್ಟು ಒಣಗಿದರೂ ಹಳದಿಯಾಗಿಯೇ ಉಳಿಯುತ್ತದೆ. ಅವನು ರಾತ್ರಿಯೆಲ್ಲ ಕೆಮ್ಮುತ್ತಿದ್ದ.

ಮೊದಲು ಸಾಕಿದ ಹಕ್ಕಿಗೆ ಅವನು ಅಂಗಳದಿಂದಲೇ ಚೆಂದದ ಹಣ್ಣು ಆರಿಸಿ ತರುತ್ತಿದ್ದ. ಒಂದು ಸಂಜೆ ಆ ಹಕ್ಕಿ ಪಂಜರದ ತಳದಲ್ಲಿ ಕೂತಿತ್ತು. ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಹಕ್ಕಿಯ ಉಸಿರಿನ ಚೀಲಗಳು ಮೈಯೊಳಗೆ ಉದ್ದಕ್ಕೂ ಹರಡಿರುತ್ತವೆ. ನಮಗೆ ಬರೀ ಘಾಟು ಅನ್ನಿಸುವುದು ಅದರ ಪ್ರಾಣ ತೆಗೆಯಲು ಸಾಕಾಗಿಬಿಡಬಹುದು. ಕೊಂದದ್ದು ಹಣ್ಣಿನಲ್ಲಿದ್ದ ಗಂಧಕವೋ, ತನ್ನ ಅಂಗಿಯಲ್ಲಿದ್ದದ್ದೋ, ಬೇರೆಯೇ ಏನೋ, ವಹಾಪ್‌ಗೆ ಕೊನೆಗೂ ತಿಳಿಯಲಿಲ್ಲ. ತಿಳಿಯದ್ದರಿಂದ ಎರಡನ್ನೂ ಬದಲಿಸಿದ. ಅಂಗಿಯನ್ನು ಹೊಸಿಲ ಹೊರಗೇ ಕಳಚುವುದಾಯಿತು. ಪ್ರತಿ ಬೇಸಿಗೆ ಒಂದು ಹಲಗೆ ಹಣ್ಣನ್ನು ಮಾಳಿಗೆಯ ಮೇಲೆ ಬರೀ ಬಿಸಿಲಿಗೆ ಒಣಗಿಸುವುದಾಯಿತು.

ಫಿಸ್ತಿಕ್ ಬಂದ ಮೇಲೆ ಆ ಕಂದು ಹಣ್ಣನ್ನು ಬಿಸಿನೀರಲ್ಲಿ ನೆನೆಸಿ, ಆರಿಸಿ, ಹೆಸರುಕಾಳಿನಷ್ಟು ಚೂರು ಮಾಡಿ, ಹೆಬ್ಬೆರಳ ಉಗುರಿನ ಮೇಲಿಟ್ಟು ತಿನ್ನಿಸುತ್ತಿದ್ದ. ದಿನಕ್ಕೆ ಎರಡು ಚೂರು. ಒಣಹಣ್ಣೆಂದರೆ ಬರೀ ಸಕ್ಕರೆ. ಬೀಜವಂತೂ ಪಂಜರದ ಹತ್ತಿರವೂ ಸುಳಿಯಕೂಡದು, ಅದರ ತಿರುಳು ವಿಷ.

“ಹಕ್ಕಿಗೆ ಬಿಸಿಲಿಂದು, ನನಗೆ ಗಂಧಕದ್ದು,” ಎನ್ನುತ್ತಿದ್ದಳು ಸೆನೆಮ್. “ನನ್ನನ್ನೂ ಒಂದು ಪಂಜರದಲ್ಲಿ ಕೂರಿಸಿಬಿಡು. ಆಗಾದ್ರೂ ನೆನೆಸಿ ಕೊಡ್ತೀಯೇನೋ.”

“ನಿನ್ನ ಗಂಟಲಿಗೆ ಗಂಧಕ ಏನೂ ಮಾಡಲ್ಲ ಬಿಡೇ,” ಎಂದು ನಗಲು ಹೋಗಿ ಅವನು ಕೆಮ್ಮುತ್ತಿದ್ದ.

*

ನಿನ್ನೆ ಮಧ್ಯಾಹ್ನ ಮಾಳಿಗೆಯ ಮೇಲೆ ಬೀಜ ತೆಗೆಯುತ್ತ ವಹಾಪ್ “ಇನ್ನೊಂದು ಸಾಲು, ಆಮೇಲೆ ಚಹಾ” ಅಂದಿದ್ದ. ಅವಳು ಚಹಾ ತಂದಾಗ ಗೋಡೆಗೆ ಒರಗಿ ಕೂತಿದ್ದ, ಹಾಗೆಯೇ ಹೋಗಿದ್ದ.

ಇವತ್ತು ಸೆನೆಮ್ ಮಾಳಿಗೆ ಹತ್ತಿದಾಗ ಹಲಗೆ ಅಲ್ಲೇ ಇತ್ತು. ಅರ್ಧದವರೆಗೆ ಅವನು ಬೀಜ ತೆಗೆದು ಹೆಬ್ಬೆರಳಿಂದ ಒತ್ತಿದ ಹಣ್ಣುಗಳು, ಪ್ರತಿಯೊಂದರ ನಡುವೆ ಅಗಲವಾದ ಗುಳಿ. ಉಳಿದವು ಉಬ್ಬಿಕೊಂಡೇ ಇದ್ದವು. ಸೆನೆಮ್ ಕೂತಳು. ಒಂದನ್ನು ಹಿಂಡಿದಾಗ ತೊಟ್ಟಿನ ಕಡೆಯಿಂದ ಬೀಜ ಜಾರಿ ಬಂತು. ಇನ್ನೂ ಬರುತ್ತಿತ್ತು. ನಾಳೆಗೆ ಹಣ್ಣಿಗೆ ಕಚ್ಚಿಕೊಳ್ಳುತ್ತಿತ್ತು. ಅವಳ ಹೆಬ್ಬೆರಳು ಒತ್ತಿದ ಗುಳಿ ಸಣ್ಣದು.

ಏದುಸಿರು ಬಿಡುತ್ತ ಮೆಲಾಹತ್ ಹತ್ತಿ ಬಂದಳು. “ಅಕ್ಕ! ಶವ ಬಾಗಿಲಿಗೆ ಬರ್ತಿದೆ, ನೀನಿಲ್ಲಿ ಹಕ್ಕಿಗೆ ಅಡುಗೆ ಮಾಡ್ತಾ ಕೂತಿದ್ದೀಯಲ್ಲ! ಜನ ಏನಂದಾರು?”

“ಇದ್ದದ್ದನ್ನ ನೀನು ಬೇಯಿಸಿ ಹಾಕಿದ್ದಕ್ಕೇ ಅಲ್ವಾ?”

ಮೆಲಾಹತ್ ಅಂಗಿಯ ತೋಳು ಮಡಚಿ ಎದುರಿಗೆ ಕೂತಳು. “ನೀನು ತೆಗೆದು ಒತ್ತು, ನಾನು ಜೋಡಿಸ್ತೀನಿ. ನಂಗೆ ಬರಲ್ಲ ಒತ್ತೋದು.”

ಕೆಳಗೆ ಬೀದಿಯಲ್ಲಿ ಶವಪೆಟ್ಟಿಗೆ ಇಳಿಸಿದರು. ಹೂಳುವ ಮುನ್ನ ಎಲ್ಲರನ್ನೂ ಕೇಳುವ ಮಾತು ಇಮಾಮರ ದನಿಯಲ್ಲಿ ಕೇಳಿಸಿತು: “ಇವರ ಮೇಲೆ ನಿಮಗೆ ಬರಬೇಕಾದ ಹಕ್ಕೇನಿದ್ದರೂ ಬಿಟ್ಟುಕೊಟ್ಟಿರಾ?”

“ಬಿಟ್ಟುಕೊಟ್ವಿ,” ಎಂದರು ಗಂಡಸರು.

“ಅತ್ತಿಗೆ!” ವಹಾಪ್‌ನ ತಮ್ಮ ಬೆಶೀರ್ ಕತ್ತೆತ್ತಿ ಹುಡುಕುತ್ತಿದ್ದ. “ಎಲ್ಲಿದೀರಿ? ನೀವೂ ಹೇಳ್ಬೇಕು.”

ಸೆನೆಮ್ ಗೋಡೆಯಂಚಿಗೆ ಬಂದಳು. ಅಂಟಂಟು ಕೈಯಲ್ಲಿ ಒಂದು ಬೀಜವಿತ್ತು. ಹಸಿರು ಬಟ್ಟೆ ಹೊದಿಸಿದ ಪೆಟ್ಟಿಗೆ ಅವನಿಗೆ ಗಿಡ್ಡವಾಯಿತೇನೋ ಅನ್ನಿಸಿತು.

“ಬಿಟ್ಟುಕೊಟ್ಟೆ.”

“ಕೇಳಿಸ್ಲಿಲ್ಲ ಅತ್ತಿಗೆ!”

“ಬಿಟ್ಟುಕೊಟ್ಟೆ ಅಂದೆನಲ್ಲ!” ಚಹಾ ಆರುತ್ತಿದೆ ಎಂದು ವಹಾಪ್‌ನನ್ನು ಕೂಗುತ್ತಿದ್ದ ದನಿ ಅದು. ಬೀದಿಯಲ್ಲಿ ಯಾರೋ ಸಣ್ಣಗೆ ನಕ್ಕು, ತಕ್ಷಣ ಕೆಮ್ಮಿದಂತೆ ಮಾಡಿದರು. ಪೆಟ್ಟಿಗೆ ಹೆಗಲಿಂದ ಹೆಗಲಿಗೆ ದಾಟುತ್ತ ತಿರುವಿನಲ್ಲಿ ಮರೆಯಾಯಿತು. ಅವಳು ಮತ್ತೆ ಬಂದು ಕೂತಳು.

ಬಿಸಿಲಿಳಿದ ಮೇಲೆ ಇಬ್ಬರೂ ಸೇರಿ ಹಲಗೆಯನ್ನು ಕೆಳಗೆ ತಂದು ಪಂಜರದ ಪಕ್ಕ ಇಟ್ಟರು. ಬಂದವರು ಹಲ್ವ ತಿಂದು ಹೋಗಿದ್ದರು. ಫಿಸ್ತಿಕ್ ಪುಕ್ಕ ಉಬ್ಬಿಸಿಕೊಂಡು ಕೂತಿತ್ತು.

“ಇದನ್ನ ಕೊಡ್ಲಾ?” ಮೆಲಾಹತ್ ಹತ್ತಿರದ ಸಾಲಿಗೆ ಕೈ ಚಾಚಿದಳು. ವಹಾಪ್ ಒತ್ತಿದ ಅಗಲ ಗುಳಿಯ ಹಣ್ಣು.

ಸೆನೆಮ್ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಸುತ್ತ ತಿರುಗಿಸಿದಳು. ಈಗ ಸಣ್ಣ ಗುಳಿಯ ಸಾಲುಗಳು ಪಂಜರದ ಕಡೆಗಿದ್ದವು. ಅದರಲ್ಲೊಂದನ್ನು ಚೂರು ಮಾಡಿ, ಉಗುರಿನ ಮೇಲಿಟ್ಟು, ಕಂಬಿಗಳ ನಡುವೆ ಹಿಡಿದಳು.