ಬೋಲ್ಟು ಕಚ್ಚಿರಲಿಲ್ಲ

ಲಗ್ಗೆರೆಯ ನಮ್ಮ ವಠಾರದಲ್ಲಿ ಮೊದಲ ತುತ್ತು ಬೋಲ್ಟುಗೆ. ಮನೆಯ ಯಜಮಾನಿ ಚಿಕ್ಕಮುನಿಯಮ್ಮಜ್ಜಿ ತಟ್ಟೆಯ ಮುಂದೆ ಕೂತು, ಮುದ್ದೆಯ ತುದಿ ಮುರಿದು, ಸಾರಿನಲ್ಲಿ ಅದ್ದಿ, ಆರಲೆಂದು ಊದಿ, ಅವನ ಬಾಯಿಗೆ ಇಟ್ಟ ಮೇಲೆಯೇ ತಾವು ಉಣ್ಣುತ್ತಿದ್ದರು. ಹಿತ್ತಲಿನ ಲೇತ್ ಶೆಡ್ಡಿನಲ್ಲಿ, ಕಬ್ಬಿಣದ ಚೂರು, ಬೋಲ್ಟುಗಳ ನಡುವೆ ಸಿಕ್ಕ ನಾಯಿಮರಿ ಅವನು. ಅದಕ್ಕೇ ಆ ಹೆಸರು.

ಪೀಣ್ಯದ ಕಡೆ ಮೆಟ್ರೋ ಕಂಬಗಳು ಏಳುತ್ತಿದ್ದ ವರ್ಷ. ಒಂದು ದಿನ ಬೋಲ್ಟು ಮುದ್ದೆ ನುಂಗಲಿಲ್ಲ. ಬಾಯಿಗಿಟ್ಟ ತುತ್ತು ಹಾಗೆಯೇ ಜಾರಿ ನೆಲಕ್ಕೆ ಬಿತ್ತು. ಕೆಳದವಡೆ ಜೋತಿತ್ತು. ಜೊಲ್ಲು ನೂಲಿನಂತೆ ಇಳಿಯುತ್ತಿತ್ತು. ಬೊಗಳಲು ಹೋದರೆ ಒಡೆದ ದನಿ ಬಂತು.

“ಭಾನುವಾರದ ಮೂಳೆ ಸಿಕ್ಕಾಕ್ಕೊಂಡದೆ. ಬಾಯಿ ತೆಗಿ ಕೂಸೇ. ಎದರಬ್ಯಾಡ, ನಾನಲ್ವಾ?” ಎಂದರು ಅಜ್ಜಿ.

ಅವರ ವಠಾರದಲ್ಲಿ ಬಾಡಿಗೆಗಿರುವ ನಾನು ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದೆ. ಅಜ್ಜಿ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಲಗೈಯನ್ನು ಮಣಿಕಟ್ಟಿನವರೆಗೂ ಬಾಯೊಳಗೆ ಹಾಕಿದರು. ಗಂಟಲಲ್ಲೆಲ್ಲ ತಡಕಿದರು. ಮೂಳೆ ಸಿಗಲಿಲ್ಲ. ಬೋಲ್ಟು ಕಚ್ಚಲೂ ಇಲ್ಲ. ಅವನಿಗೆ ಬಾಯಿ ಮುಚ್ಚಲೇ ಬರುತ್ತಿರಲಿಲ್ಲ. ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡರು. ಖಾಲಿ ಸೈಟುಗಳಲ್ಲಿ ಹಸುವಿಗೆ ಹುಲ್ಲು ಕೊಯ್ಯುವ ಕೈ ಅದು. ಬೆರಳಿನ ಮೇಲೆ ಕುಡುಗೋಲು ತಾಗಿದ ಹಸಿ ಗಾಯವಿತ್ತು.

“ಬಿಸಿಲಿಗೆ ಹಂಗಾಗಿರ್ತದೆ ಬಿಡವ್ವ,” ಎಂದರು ಮಗ ಲಕ್ಷ್ಮಯ್ಯ. ಅವರೂ ಬಗ್ಗಿ, ಬರಿಗೈಯಲ್ಲೇ ಬೋಲ್ಟುವಿನ ಜೊಲ್ಲು ಒರೆಸಿದರು.

ಮರುದಿನ ಬೋಲ್ಟುವಿನ ಹಿಂಗಾಲುಗಳು ಏಳಲಿಲ್ಲ. ದನದ ಡಾಕ್ಟರು ಬಂದರು. ಸ್ವಲ್ಪ ದೂರದಲ್ಲೇ ನಿಂತು ನೋಡಿದರು.

“ಈಚೆಗೆ ಬೇರೆ ನಾಯಿ ಇವನನ್ನ ಕಚ್ಚಿತ್ತಾ?”

“ಯುಗಾದಿ ಆದ್ಮೇಲೆ ಕೋಳಿ ಅಂಗಡಿ ಹತ್ರ ಯಾವುದೋ ನಾಯಿ ಕಿವಿ ಹರಿದಿತ್ತು ಸಾರ್. ಅರಿಶಿನ ಹಚ್ಚಿದ್ವಿ. ವಾಸಿ ಆಯ್ತು.”

“ವರ್ಷ ವರ್ಷ ರೇಬೀಸ್ ಇಂಜೆಕ್ಷನ್ ಹಾಕಿಸ್ತಿದ್ರಾ?”

ಲಕ್ಷ್ಮಯ್ಯ ನಕ್ಕರು. “ಅದು ಬೀದಿ ನಾಯಿಗಲ್ವಾ ಸಾರ್? ಇದು ಮನೆ ನಾಯಿ. ಕೊರಳಲ್ಲಿ ಬೆಲ್ಟು ನೋಡಿ.”

ಡಾಕ್ಟರು ನಗಲಿಲ್ಲ. “ರೇಬೀಸ್ ಥರಾನೇ ಕಾಣ್ತಿದೆ. ಉಳಿಯಲ್ಲ. ಒಂದು ಕೋಣೇಲಿ ಕೂಡಿಹಾಕಿ, ಯಾರೂ ಮುಟ್ಟಬೇಡಿ. ಯಾರಿಗಾದ್ರೂ ಕಚ್ಚಿದ್ದಾನಾ?”

“ಇಲ್ಲ ಸಾರ್. ಒಬ್ಬರಿಗೂ ಕಚ್ಚಿಲ್ಲ.”

“ಯಾರನ್ನ ಉಚ್ಚುನಾಯಿ ಅಂತೀರಿ?” ಅಜ್ಜಿ ಬಾಗಿಲಿಂದಲೇ ಕೂಗಿದರು. “ನನ್ನ ಮಡಿಲಲ್ಲಿ ಬೆಳೆದೋನು ಅವನು!”

ಗಾಯಕ್ಕೆ ಜೊಲ್ಲು ತಾಗಿದ್ದರೂ ಆಸ್ಪತ್ರೆಗೆ ಹೋಗಬೇಕೆಂದು ಡಾಕ್ಟರು ಹೇಳಿದರು. ಅಜ್ಜಿಯ ಕೂಗಿನಲ್ಲಿ ಆ ಮಾತು ಅಲ್ಲಿದ್ದವರಿಗೆ ಕೇಳಿಸಲಿಲ್ಲ. ನಾನು ಮಾತ್ರ ಡಾಕ್ಟರ ಪಕ್ಕದಲ್ಲೇ ಕಸಪೊರಕೆ ಹಿಡಿದು ನಿಂತಿದ್ದೆ, ನನಗೆ ಕೇಳಿಸಿತು. ಅಷ್ಟು ಜನರ ಮುಂದೆ ನನಗೆ ಬಾಯಿ ಬರುವುದಿಲ್ಲ. ಪೊರಕೆ ಗೋಡೆಗೆ ಒರಗಿಸಿ, ಹಿಂದಿನ ಬೀದಿಯಲ್ಲಿರುವ ಆರೋಗ್ಯ ಕೇಂದ್ರದ ನರ್ಸ್ ಅಂಜನಮ್ಮನವರ ಮನೆಗೆ ಹೋಗಿ, ನಾನು ನೋಡಿದ್ದನ್ನು ಹೇಳಿದೆ.

ಅಂಜನಮ್ಮ ಒಲೆ ಆರಿಸಿ ನನ್ನ ಜೊತೆಗೇ ಬಂದರು. ಬಂದವರು ಮಾತಿಗೆ ಕೂರಲಿಲ್ಲ. ಅಜ್ಜಿಯನ್ನು ನಲ್ಲಿಗೆ ಕರೆದುಕೊಂಡು ಹೋಗಿ, ಹರಿಯುವ ನೀರಿನಲ್ಲಿ, ಬಟ್ಟೆ ಸೋಪಿನಿಂದ ಆ ಕೈಯನ್ನು ತುಂಬ ಹೊತ್ತು ತೊಳೆದರು.

“ನೆನ್ನೆ ತಾಗಿದ್ದಕ್ಕೆ ಇವತ್ತು ಸೋಪಾ?” ಎಂದರು ಲಕ್ಷ್ಮಯ್ಯ.

“ತಡ ಆದ್ರೂ ತೊಳೀಬೇಕು ಅಣ್ಣ. ಆಮೇಲೆ ಆಸ್ಪತ್ರೆ. ಜೊಲ್ಲಲ್ಲೇ ರೋಗ ಇರೋದು. ಗಾಯದಲ್ಲಿ ಜೊಲ್ಲು ಬಿದ್ರೆ ಸಾಕು. ಕಚ್ಚಲೇಬೇಕು ಅಂತಿಲ್ಲ. ನಿಮ್ಮ ಕೈ ತೋರ್ಸಿ. ಇಲ್ಲೂ ಗೀರುಗಳಿವೆ, ನೀವೂ ತೊಳ್ಕೊಂಡು ಹೊರಡಿ.”

“ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ ಚುಚ್ತಾರೆ ಕಣಮ್ಮ! ಈ ವಯಸ್ಸಲ್ಲಿ ನಮ್ಮವ್ವ ತಡ್ಕೊಂತಾಳಾ?”

“ಅದೆಲ್ಲ ನಿಮ್ಮ ಮೀಸೆ ಬರೋಕೆ ಮುಂಚಿನ ಕಥೆ. ಈಗ ತೋಳಿಗೆ ಹಾಕ್ತಾರೆ. ಹೇಳಿದ ದಿನಕ್ಕೆ ತಪ್ಪದೆ ಹೋದ್ರೆ ಆಯ್ತು. ಗಾಯದ ಸುತ್ತ ಇನ್ನೊಂದು ಔಷಧಿ ಹಾಕ್ತಾರೆ, ಅದು ಸ್ವಲ್ಪ ನೋಯುತ್ತೆ. ಸುಳ್ಳು ಯಾಕೆ ಹೇಳಲಿ?”

ಅಜ್ಜಿ ಕೈ ಕಿತ್ತುಕೊಂಡರು. “ನೋವಿಗಲ್ಲ ಕಣೇ ನಾನು ಬ್ಯಾಡ ಅಂತಿರೋದು. ನಾನು ಸೂಜಿ ಚುಚ್ಚಿಸ್ಕೊಂಡ್ರೆ ಏನಾಯ್ತು? ನನ್ನ ಬೋಲ್ಟು ಉಚ್ಚ ಅಂತ ನಾನೇ ಸಾರಿದಂಗಾಯ್ತು. ಸಾಯೋ ಜೀವಕ್ಕೆ ಆ ಎಸರು ಕಟ್ಟಲಾ?”

ಅಜ್ಜಿ ಹೋಗಿ, ಬೋಲ್ಟುವನ್ನು ಕೂಡಿಹಾಕಿದ್ದ ಬೂಸಾ ಕೋಣೆಯ ಬಾಗಿಲ ಮುಂದೆ ಕೂತರು. ಅಂಜನಮ್ಮನೂ ಹೋಗಿ ಪಕ್ಕದಲ್ಲೇ ನೆಲದ ಮೇಲೆ ಕೂತರು.

ಬಾಗಿಲ ಸಂದಿಯಿಂದ ಒಳಗೆ ಕಾಣುತ್ತಿತ್ತು. ಬೋಲ್ಟು ನೀರಿನ ಬೋಗುಣಿಯ ಹತ್ತಿರ ತೆವಳಿದ್ದ. ಮೂತಿಯನ್ನು ಪೂರ್ತಿ ನೀರಿನಲ್ಲಿ ಮುಳುಗಿಸುತ್ತಿದ್ದ. ಎತ್ತುತ್ತಿದ್ದ. ಒಂದು ಗುಟುಕೂ ಒಳಗೆ ಇಳಿಯುತ್ತಿರಲಿಲ್ಲ. ಮತ್ತೆ ಮುಳುಗಿಸುತ್ತಿದ್ದ.

“ಬಾಯಾರಿಕೆ ಆಗ್ಯದೆ ಅವನಿಗೆ,” ಎಂದರು ಅಜ್ಜಿ.

“ಹೌದಜ್ಜಿ. ಇದು ಹುಚ್ಚಲ್ಲ. ಮೆದುಳಿಗೆ ಹತ್ತೋ ರೋಗ. ಜನ ಹಾಗೆ ಹೆಸರಿಟ್ಟವ್ರೆ ಅಷ್ಟೇ. ಜ್ವರ ಬಂದೋರನ್ನ ನಾವು ಕೆಟ್ಟೋರು ಅಂತೀವಾ?”

ಅಜ್ಜಿ ಸಂದಿಯಿಂದ ಕಣ್ಣು ತೆಗೆಯಲಿಲ್ಲ. “ನನಗೂ ಇಂಗೇ ಆಯ್ತದಾ?”

“ಆಗಬಾರದು ಅಂತಲೇ ಕರೀತಿರೋದು. ಇವತ್ತಿಂದ ಸೂಜಿ ಹಾಕಿಸ್ಕೊಂಡ್ರೆ ತಡೀಬಹುದು. ಹೀಗೆ ಶುರು ಆಗ್ಬಿಟ್ರೆ ಎಷ್ಟು ದೊಡ್ಡ ಆಸ್ಪತ್ರೆಗೆ ಹೋದ್ರೂ ವಾಸಿ ಮಾಡೋ ಔಷಧಿ ಇಲ್ಲ.”

ಅಜ್ಜಿ ಕೇಳಿದರು, “ಮೊದಲೇ ಹಾಕ್ಸಿದ್ರೆ ಇವನಿಗೂ ತಡೀಬೋದಾಗಿತ್ತಾ?”

ಅಂಜನಮ್ಮ ಲಕ್ಷ್ಮಯ್ಯನವರ ಕಡೆ ನೋಡಿದರು. ಆಮೇಲೆ ಮೆಲ್ಲಗೆ, “ಆಗಿತ್ತಜ್ಜಿ,” ಎಂದರು.

ಲಕ್ಷ್ಮಯ್ಯ ತಲೆ ತಗ್ಗಿಸಿದರು. ಒಳಗೆ ಬೋಗುಣಿಯ ನೀರು ಮತ್ತೆ ಕದಡಿತು.

ಅಜ್ಜಿ ನೆಲಕ್ಕೆ ಕೈಯೂರಿ ಎದ್ದರು. “ಆಟೋ ಕರ್ಕೊಂಡು ಬಾರ್ಲಾ,” ಎಂದರು ಮಗನಿಗೆ. “ನೀನೂ ಅತ್ಕೋ.”

ಅವತ್ತೇ ಇಬ್ಬರಿಗೂ ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಶುರುವಾಯಿತು. ಗಾಯದ ಸುತ್ತ ಔಷಧಿ ಚುಚ್ಚುವಾಗ ಅಜ್ಜಿ ಒಂದು ಸಲವೂ ಅಯ್ಯೋ ಅನ್ನಲಿಲ್ಲವಂತೆ.

ಮಾರನೆಯ ದಿನ ಬೆಳಗ್ಗೆ ಬೋಲ್ಟು ಹೋಗಿದ್ದ. ಮೂತಿ ಬೋಗುಣಿಯ ಅಂಚಿನ ಮೇಲಿತ್ತು.

ಅಜ್ಜಿ ಅರಿಶಿನ ಕಲಸಿದ ನೀರಿನ ಚೊಂಬು ಹಿಡಿದು ಬಂದರು. ಸತ್ತ ಹಸುವಿಗೂ ಆ ಮನೆಯವರು ಅರಿಶಿನದ ನೀರು ಹಾಕಿಯೇ ಮಣ್ಣು ಮಾಡುವುದು. ಅಂಜನಮ್ಮ ಅಡ್ಡ ನಿಂತರು. ಸತ್ತ ಮೇಲೂ ಜೊಲ್ಲಿನಲ್ಲಿ ರೋಗ ಇರುತ್ತದೆ.

“ಒಂದು ಚೊಂಬು ನೀರು ಉಯ್ಯಕ್ಕೂ ಇಲ್ವೇನೇ?”

“ಇಲ್ಲಜ್ಜಿ.”

ಲೇತ್ ಶೆಡ್ಡಿನವರು ರಬ್ಬರ್ ಗ್ಲೌಸ್ ಹಾಕಿಕೊಂಡು ಗೋಣಿಚೀಲದಲ್ಲಿ ಸುತ್ತಿ ಎತ್ತಿದರು. ಹಿತ್ತಲಿನ ಮೂಲೆಯಲ್ಲಿ ಆಳವಾಗಿ ತೋಡಿ, ಸುಣ್ಣ ಸುರಿದು ಮುಚ್ಚಿದರು. ಕೋಣೆ, ಬೋಗುಣಿ ಎಲ್ಲಕ್ಕೂ ಬ್ಲೀಚಿಂಗ್ ನೀರು ಹಾಕಿ ತೊಳೆದರು. ಅಜ್ಜಿ ದೂರದಲ್ಲೇ ನಿಂತಿದ್ದರು. ಎಲ್ಲ ಮುಗಿದ ಮೇಲೆ ಮಣ್ಣಿನ ಗುಡ್ಡೆಯ ಹತ್ತಿರ ಹೋಗಿ, ಚೊಂಬಿನ ನೀರನ್ನು ಅದರ ಮೇಲೆ ಹುಯ್ದರು.

ಅಜ್ಜಿ ಎಲ್ಲ ಸೂಜಿಗಳನ್ನೂ ಹಾಕಿಸಿಕೊಂಡರು. ಚೆನ್ನಾಗಿದ್ದಾರೆ. ಲಕ್ಷ್ಮಯ್ಯನವರೂ ಚೆನ್ನಾಗಿದ್ದಾರೆ. ಆದರೆ ಊಟಕ್ಕೆ ಕೂತಾಗ ಅಜ್ಜಿಯ ಕೈ ಈಗಲೂ ಮುದ್ದೆಯ ತುದಿ ಮುರಿಯುತ್ತದೆ. ಅದ್ದುತ್ತಾರೆ. ಊದುತ್ತಾರೆ. ಆಮೇಲೆ ನೆನಪಾಗಿ, ಆ ತುತ್ತನ್ನು ತಟ್ಟೆಯ ಅಂಚಿಗೆ ಇಡುತ್ತಾರೆ. ಬೇರೆ ಮರಿ ತರೋಣ ಎಂದು ಲಕ್ಷ್ಮಯ್ಯ ಒಮ್ಮೆ ಕೇಳಿದ್ದರು.

“ತಾ,” ಎಂದರು ಅಜ್ಜಿ. “ಮೊದಲು ದನದ ಡಾಕ್ಟ್ರತ್ರ ಓಗಿ, ಆಮೇಲೆ ಮನೆಗೆ ಬಾ.”

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ನಾಯಿ ಇದ್ದಕ್ಕಿದ್ದಂತೆ ಅನ್ನ ನುಂಗದಿದ್ದರೆ, ದವಡೆ ಜೋತರೆ, ದನಿ ಒಡೆದರೆ, ಮೂಳೆ ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕಬೇಡಿ. ದನದ ಡಾಕ್ಟರನ್ನು ಕರೆಯಿರಿ. ನಾಯಿ ಕಚ್ಚಿದರೆ, ಪರಚಿದರೆ, ಗಾಯಕ್ಕೆ ಜೊಲ್ಲು ತಾಗಿದರೆ, ಅರಿಶಿನ, ಸುಣ್ಣ, ಖಾರದಪುಡಿ ಯಾವುದೂ ಬೇಡ. ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ. ಅಲ್ಲಿ “ಕಚ್ಚಿತಾ?” ಎಂದು ಕೇಳಿದರೆ “ಇಲ್ಲ” ಎಂದಷ್ಟೇ ಹೇಳಿ ಎದ್ದು ಬರಬೇಡಿ. ಜೊಲ್ಲು ಎಲ್ಲಿ ತಾಗಿತೆಂದು ಹೇಳಿ, ಗಾಯವಿದ್ದರೆ ತೋರಿಸಿ. ಹೇಳಲು ನಾಚಿಕೆಯಾದರೆ, ಹೇಳಬಲ್ಲವರನ್ನು ಜೊತೆಗೆ ಕರೆದುಕೊಂಡು ಹೋಗಿ.

ನಿಮ್ಮ ಮನೆಯಲ್ಲೂ ಮೊದಲ ತುತ್ತು ತಿನ್ನುವವನು ಒಬ್ಬ ಇರಬಹುದು. ಅವನಿಗೆ ಈ ವರ್ಷದ ಸೂಜಿ ಆಗಿದೆಯೇ? ಇವತ್ತು ಅವನ ಬಾಯಿಗೆ ತುತ್ತು ಇಡುವಾಗ ನೆನಪು ಮಾಡಿಕೊಳ್ಳಿ.